ಭದ್ರಾ ಹಿನ್ನೀರಿನ ಬೋಳು ನಡುಗಡ್ಡೆಯಲ್ಲಿ ಹತ್ತು ನಿಮಿಷ ಇಳಿದರೆ ಏನಾಗುತ್ತದೆ?

ಪ್ರಶ್ನೆ: ಬಿ.ಆರ್. ಪ್ರಾಜೆಕ್ಟ್ (ಭದ್ರಾ ಅಣೆಕಟ್ಟೆಯ ಊರು) ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಬೇಸಿಗೆಯಲ್ಲಿ ಬರುವ ಅತಿಥಿಗಳು ಭದ್ರಾ ಹಿನ್ನೀರಿನ ಹಕ್ಕಿ ದ್ವೀಪಗಳಿಗೆ ಕರೆದುಕೊಂಡು ಹೋಗಿ ಎಂದು ದುಂಬಾಲು ಬೀಳುತ್ತಾರೆ. ಅರಣ್ಯ ಇಲಾಖೆಯವರು ಇಳಿಯುವಂತಿಲ್ಲ ಎನ್ನುತ್ತಾರೆ. ಅಲ್ಲಿ ಮನೆಯಿಲ್ಲ, ಮಠವಿಲ್ಲ, ಒಂದು ಮರವೂ ಇಲ್ಲ. ಶರಾವತಿ ಹಿನ್ನೀರಿನ ಹೊನ್ನೆಮರಡುವಿನಲ್ಲಿ ನಡುಗಡ್ಡೆಯ ಮೇಲೆ ಟೆಂಟ್ ಹಾಕಿ ರಾತ್ರಿ ಕಳೆಯುತ್ತಾರಲ್ಲ, ಇಲ್ಲಿ ಮೊಟ್ಟೆ ಮುಟ್ಟದೆ ಹತ್ತು ನಿಮಿಷ ನಿಂತು ಫೋಟೊ ತೆಗೆದರೆ ಏನು ಹೋಗುತ್ತದೆ? ಇನ್ನೊಂದು ವಿಷಯ. ಬಿಸಿಲಿಗೆ ಮರಿಗಳು ಸಾಯುತ್ತವೆ ಎಂದು ಕೇಳಿ ನಮ್ಮೂರ ಯುವಕ ಸಂಘದ ಹುಡುಗರು ಆ ದ್ವೀಪಗಳ ಮೇಲೆ ಸಸಿ ನೆಡಬೇಕೆಂದಿದ್ದಾರೆ. ನೀರು ತೀರಾ ಇಳಿದ ವರ್ಷ ದಂಡೆಯಿಂದ ನಾಯಿಗಳು ನಡೆದುಕೊಂಡೇ ಹೋಗಿದ್ದನ್ನು ನೋಡಿದ್ದೇವೆ. ಮುಂಗಾರು ಬೇಗ ಬಂದರೆ ಮೊಟ್ಟೆಗಳು ಮುಳುಗುತ್ತವೆ. ದ್ವೀಪಕ್ಕೆ ಮಣ್ಣು ಹಾಕಿ ಎತ್ತರಿಸಬಹುದೇ? ಇವು ಸೈಬೀರಿಯಾದ ಹಕ್ಕಿಗಳು, ಮೊಟ್ಟೆಗೆ ಮನುಷ್ಯರ ಕೈ ತಾಗಿದರೆ ತಾಯಿ ಬಿಟ್ಟುಹೋಗುತ್ತದೆ, ಜಲಾಶಯದ ಮೀನೆಲ್ಲ ಇವುಗಳ ಪಾಲು ಎಂದೂ ಹೇಳುತ್ತಾರೆ. ಎಷ್ಟು ನಿಜ?
(ಹೋಂಸ್ಟೇ ಮಾಲೀಕರು, ಭದ್ರಾವತಿ ತಾಲ್ಲೂಕು)

ಉತ್ತರ: ನಿಮಗೆ ಎರಡು ಚಿಂತೆ ಇದ್ದಂತಿದೆ. ಮರಿಗಳು ಸಾಯುತ್ತಿವೆ, ಏನಾದರೂ ಮಾಡಬೇಕಲ್ಲ ಎನ್ನುವುದು ಒಂದು. ದುಡ್ಡು ಕೊಟ್ಟು ಬಂದ ಅತಿಥಿಗೆ ಆಗುವುದಿಲ್ಲ ಎನ್ನಲು ಗಟ್ಟಿಯಾದ ಕಾರಣ ಬೇಕು ಎನ್ನುವುದು ಇನ್ನೊಂದು. ಎರಡನೆಯದನ್ನು ನೀವು ಬಾಯಿಬಿಟ್ಟು ಹೇಳಿಲ್ಲ, ಆದರೆ ನನಗೆ ಅದು ಅಷ್ಟೇ ಮುಖ್ಯವಾಗಿ ಕಂಡಿತು.

ಮೊದಲು ಕೇಳಿದ ಮಾತುಗಳನ್ನು ಮುಗಿಸೋಣ. ಸೈಬೀರಿಯಾದ ಕಥೆ ಸುಳ್ಳು. ಆ ನಡುಗಡ್ಡೆಗಳಲ್ಲಿ ಗೂಡು ಮಾಡುವುದು ರಿವರ್ ಟರ್ನ್, ಅಂದರೆ ನದಿ ರೀವ. ಕಪ್ಪು ಟೋಪಿ ಹಾಕಿದಂಥ ತಲೆ, ಹಳದಿ ಕೊಕ್ಕು, ಕೆಂಪು ಕಾಲು, ಸೀಳಿದ ಉದ್ದ ಬಾಲ. ಭಾರತ ಉಪಖಂಡದಿಂದ ಆಗ್ನೇಯ ಏಷ್ಯಾದವರೆಗಿನ ಹೊಳೆಗಳದ್ದೇ ಹಕ್ಕಿ. ನೀರು ಇರುವ ಕಡೆ ಅತ್ತಿತ್ತ ಓಡಾಡುತ್ತದೆ, ಅಷ್ಟೆ. ನಮ್ಮಲ್ಲಿ ಯಾವ ಹಕ್ಕಿ ಗುಂಪಾಗಿ ಕಂಡರೂ ಅದಕ್ಕೊಂದು ಪಾಸ್‌ಪೋರ್ಟ್ ಬರೆಯುವ ಚಾಳಿ ಇದೆ. ತೀರ್ಥಹಳ್ಳಿ ದಾರಿಯ ಮಂಡಗದ್ದೆಯ ಬೆಳ್ಳಕ್ಕಿಗಳನ್ನೂ ಬಿಟ್ಟಿಲ್ಲ. ಪರದೇಶದ್ದು ಎಂದರೆ ಬೆಲೆ ಹೆಚ್ಚು ಅನ್ನಿಸಬಹುದು, ಆದರೆ ಇಲ್ಲಿ ಕೆಟ್ಟರೆ ಬೇರೆಲ್ಲೋ ಹೋಗಿ ಬದುಕಿಕೊಳ್ಳುತ್ತವೆ ಎನ್ನುವ ಭಾವನೆಯೂ ಅದರ ಜೊತೆಗೇ ಬರುತ್ತದೆ. ಇವಕ್ಕೆ ಹೋಗಲು ಬೇರೆ ಊರು ಹೆಚ್ಚಿಲ್ಲ. ಮೆಕಾಂಗ್ ನದಿಯ ಕಡೆ ಬಹುಪಾಲು ಅಳಿದಿವೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಘಟನೆ ಐಯುಸಿಎನ್‌ನ ಪಟ್ಟಿಯಲ್ಲಿ ಅಪಾಯಕ್ಕೆ ಒಳಗಾಗಬಲ್ಲ ಜೀವಿಗಳ ಸಾಲಿಗೆ ಬಂದಿದೆ. ಭದ್ರಾ ಹಿನ್ನೀರಿನಲ್ಲಿ ಇವು ಸಾವಿರಗಳ ಲೆಕ್ಕದಲ್ಲಿ ಸೇರುವುದು ದೇಶದಲ್ಲೇ ಅಪರೂಪದ ಸಂಗತಿ.

ಮೀನಿನ ದೂರಿನಲ್ಲೂ ಹುರುಳಿಲ್ಲ. ಟರ್ನ್ ಮೇಲಿನಿಂದ ಧುಮುಕಿ ನೀರಿನ ಮೇಲ್ಪದರದಲ್ಲಿರುವ ಬೆರಳುದ್ದದ ಮೀನನ್ನು ಹಿಡಿಯುವ ಹಕ್ಕಿ. ಬಲೆಗೆ ಬೀಳುವ ಕಾಟ್ಲಾ, ರೋಹುಗಳಿಗೂ ಅದಕ್ಕೂ ಸಂಬಂಧವಿಲ್ಲ.

ಕೈ ತಾಗಿದರೆ ತಾಯಿ ಬಿಡುತ್ತದೆ ಎನ್ನುವುದೂ ನಿಜವಲ್ಲ. ನಮ್ಮ ಕೈಯ ವಾಸನೆ ಹಿಡಿದು ಮೊಟ್ಟೆಯನ್ನು ತಿರಸ್ಕರಿಸುವ ಹಕ್ಕಿ ಇದಲ್ಲ. ಬೆದರಿ ಹಾರಿದ ಹಕ್ಕಿ ಸಾಮಾನ್ಯವಾಗಿ ತನ್ನ ಜಾಗಕ್ಕೇ ಮರಳಿ ಬರುತ್ತದೆ. ಆದರೆ ಈ ನಂಬಿಕೆಯಿಂದ ಒಂದು ಕೇಡಿದೆ. ಮುಟ್ಟದಿದ್ದರೆ ಸಾಕು, ತೊಂದರೆಯಿಲ್ಲ ಎಂದು ಜನ ತಿಳಿಯುತ್ತಾರೆ. ನಾವು ಏನೂ ಮುಟ್ಟಲ್ಲ ಸಾರ್, ದೂರದಿಂದ ಒಂದು ಫೋಟೊ ಅಷ್ಟೆ ಎಂದು ನಿಮ್ಮ ಅತಿಥಿಗಳು ಹೇಳುವುದು ಈ ಧೈರ್ಯದಿಂದಲೇ.

ಈಗ ಆ ಹತ್ತು ನಿಮಿಷಕ್ಕೆ ಬರುತ್ತೇನೆ.

ಟರ್ನ್ ಗೂಡು ಕಟ್ಟುವುದಿಲ್ಲ. ಬರಿ ನೆಲದಲ್ಲಿ, ಕಲ್ಲುಹರಳಿನ ನಡುವೆ ಎದೆಯಿಂದ ಒತ್ತಿ ಒಂದು ತಗ್ಗು ಮಾಡಿ ಎರಡು ಮೂರು ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಮಣ್ಣಿನದೇ, ಮೇಲೆ ಕಂದು ಮಚ್ಚೆ. ಏಪ್ರಿಲ್ ಮಧ್ಯಾಹ್ನ ಆ ನೆಲ ರೊಟ್ಟಿ ಹಂಚಿನ ಹಾಗೆ ಕಾದಿರುತ್ತದೆ. ಮೊಟ್ಟೆಯೊಳಗಿನ ಭ್ರೂಣಕ್ಕೆ ಬೇಕಾದ್ದು ಸುಮಾರು 37–38 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ನಾಲ್ಕೈದು ಡಿಗ್ರಿ ಹೆಚ್ಚಾದರೆ ಸ್ವಲ್ಪ ಹೊತ್ತಿನಲ್ಲೇ ಭ್ರೂಣ ಸಾಯುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ತಾಯಿಯೋ ತಂದೆಯೋ ಮೊಟ್ಟೆಯ ಮೇಲೆ ಕೂತಿರುವುದು ಕಾವು ಕೊಡಲಿಕ್ಕಲ್ಲ, ನೆರಳಿಗೆ. ಮೈ ಎತ್ತಿ, ರೆಕ್ಕೆ ಅರ್ಧ ಬಿಚ್ಚಿ ನಿಂತಿರುತ್ತದೆ. ನಡುವೆ ಹೋಗಿ ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮತ್ತೆ ಕೂರುತ್ತದೆ. ನೀವು ದೋಣಿಯಿಂದ ಇಳಿದ ಕೂಡಲೇ ಆ ನಡುಗಡ್ಡೆಯ ಅಷ್ಟೂ ಹಕ್ಕಿಗಳು ಒಟ್ಟಿಗೆ ಮೇಲೆದ್ದು ಕಿರುಚುತ್ತ ತಲೆಯ ಮೇಲೆ ಸುತ್ತುತ್ತವೆ. ಕ್ಯಾಮೆರಾಕ್ಕೆ ಅದಕ್ಕಿಂತ ಸೊಗಸಾದ ದೃಶ್ಯ ಇನ್ನೊಂದಿಲ್ಲ, ತೊಂದರೆ ಇರುವುದೂ ಅಲ್ಲೇ. ಕೆಳಗೆ ಅಷ್ಟೂ ಮೊಟ್ಟೆಗಳು ಆ ಹೊತ್ತು ನೆರಳಿಲ್ಲದೆ ಬಿದ್ದಿರುತ್ತವೆ.

ಕಾಗೆ, ಹದ್ದುಗಳದ್ದು ಬೇರೆ ಲೆಕ್ಕ. ಹಕ್ಕಿಗಳೆಲ್ಲ ನೆಲದಲ್ಲಿ ಕೂತಿರುವಾಗ ಒಂದು ಹದ್ದು ಹತ್ತಿರ ಬಂದರೆ ಇಪ್ಪತ್ತು ಮೂವತ್ತು ಟರ್ನ್‌ಗಳು ಒಟ್ಟಾಗಿ ಅಟ್ಟಿಕೊಂಡು ಹೋಗುತ್ತವೆ. ಅವುಗಳ ಗಮನ ನಿಮ್ಮ ಮೇಲಿದ್ದಾಗ ಕಾಗೆಗೆ ದಾರಿ ಸಲೀಸು. ಕಾಗೆಗಳು ಇದನ್ನು ಬೇಗ ಕಲಿಯುತ್ತವೆ. ದಿನವೂ ದೋಣಿ ಹತ್ತಿಸುವ ಕಡೆ ಕಾಗೆ ದೋಣಿಯನ್ನೇ ಹಿಂಬಾಲಿಸಿ ಬರುವುದನ್ನು ಹಕ್ಕಿಗಳ ಕೆಲಸದಲ್ಲಿರುವ ನಾವೆಲ್ಲ ನೋಡಿದ್ದೇವೆ.

ಮರಿಗಳ ಪಾಡು ಇನ್ನೂ ಕಷ್ಟ. ಮೊಟ್ಟೆಯೊಡೆದು ಒಂದೆರಡು ದಿನಕ್ಕೆ ಅವು ಓಡಾಡಬಲ್ಲವು, ಹೆದರಿದರೆ ದಿಕ್ಕಾಪಾಲಾಗಿ ಓಡುತ್ತವೆ. ಪಕ್ಕದ ಜೋಡಿಯ ಜಾಗಕ್ಕೆ ನುಗ್ಗಿದ ಮರಿಯನ್ನು ಆ ಜೋಡಿ ಕುಕ್ಕಿ ಓಡಿಸುತ್ತದೆ, ಕೆಲವೊಮ್ಮೆ ಕೊಂದೇ ಬಿಡುತ್ತದೆ. ಓಡದೆ ಅಲ್ಲೇ ಮುದುಡಿ ಕೂತ ಮರಿ ಮಣ್ಣಿನ ಬಣ್ಣದಲ್ಲಿ ಕಾಣುವುದಿಲ್ಲ, ನಿಮ್ಮ ಕಾಲಡಿಗೇ ಬರಬಹುದು. ರಾತ್ರಿ ಟೆಂಟ್ ಹಾಕುವುದಂತೂ ಹಗಲಿಗಿಂತ ಕೆಟ್ಟದ್ದು. ಬೆಂಕಿ, ಟಾರ್ಚು, ಹಾಡು ಎಂದು ಗಂಟೆಗಟ್ಟಲೆ ಹಕ್ಕಿ ಮರಳುವುದೇ ಇಲ್ಲ.

ಹೊನ್ನೆಮರಡುವಿಗೂ ಇಲ್ಲಿಗೂ ಇರುವ ವ್ಯತ್ಯಾಸ ಇದು. ಅಲ್ಲಿ ಶರಾವತಿ ಹಿನ್ನೀರಿನ ನಡುಗಡ್ಡೆಯಲ್ಲಿ ಟೆಂಟ್ ಹಾಕುವ ಜಾಗ ಟರ್ನ್‌ಗಳ ಗೂಡಿನ ನೆಲವಲ್ಲ. ಇಲ್ಲಿಯದು ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ ನೀರು. 1951ರಲ್ಲಿ ಜಾಗರ ಕಣಿವೆಯ ಹೆಸರಿನಲ್ಲಿ ಶುರುವಾದ ಅಭಯಾರಣ್ಯ 1974ರಲ್ಲಿ ಭದ್ರಾ ಅಭಯಾರಣ್ಯವಾಗಿ, 1998ರಲ್ಲಿ ಹುಲಿ ಯೋಜನೆಗೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿಯಿಲ್ಲದೆ ಒಳಹೋಗುವುದೇ ತಪ್ಪು. ಅದಕ್ಕಿಂತ ಹೆಚ್ಚಾಗಿ, ಕಾಡುಹಕ್ಕಿಯ ಮೊಟ್ಟೆ ಅಥವಾ ಗೂಡನ್ನು ಕದಡುವುದನ್ನೂ ಆ ಕಾಯ್ದೆ ಬೇಟೆಯ ಲೆಕ್ಕಕ್ಕೇ ಹಾಕುತ್ತದೆ. ಅತಿಥಿಗೆ ಹೇಳಲು ನಿಮಗೆ ಇಷ್ಟು ಸಾಕೆಂದುಕೊಳ್ಳುತ್ತೇನೆ. ಪ್ರೀ-ವೆಡ್ಡಿಂಗ್ ಶೂಟ್‌ಗೆ ಬಂದವರಿಗಂತೂ ಇದನ್ನೇ ಮೊದಲು ಹೇಳಿ.

ನೀವು ಹೇಳಿದ ಮುಳುಗಡೆಗೂ ಈ ಹತ್ತು ನಿಮಿಷಕ್ಕೂ ನಂಟಿದೆ. ಅದು ಯಾರೂ ಜೋಡಿಸಿ ನೋಡದ ವಿಷಯವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಆ ನಡುಗಡ್ಡೆಗಳು ಅಣೆಕಟ್ಟು ಆಗುವ ಮೊದಲು ಭದ್ರಾ ಕಣಿವೆಯ ಗುಡ್ಡದ ನೆತ್ತಿಗಳು. ಜಲಾಶಯ 186 ಅಡಿ ತುಂಬಿದಾಗ ಬಹುಪಾಲು ನೀರಿನಡಿ ಇರುತ್ತವೆ. ಜನವರಿಯಲ್ಲಿ ಬೇಸಿಗೆ ಬೆಳೆಗೆ ಎಡದಂಡೆ, ಬಲದಂಡೆ ನಾಲೆಗಳಿಗೆ ನೀರು ಬಿಟ್ಟ ಮೇಲೆ ಮಟ್ಟ ಇಳಿಯುತ್ತ ಒಂದೊಂದೇ ತಲೆ ಎತ್ತುತ್ತವೆ. ಅಂದರೆ ದಾವಣಗೆರೆ ಕಡೆಯ ಗದ್ದೆಗೆ ಹೋಗುವ ನೀರು ಇಲ್ಲಿ ಟರ್ನ್‌ಗಳಿಗೆ ಜಾಗ ಬಿಡಿಸಿ ಕೊಡುತ್ತದೆ. ಹಿಂದೆ ಈ ಹಕ್ಕಿಗಳು ಹೊಳೆಗಳ ಮರಳು ದಿಬ್ಬಗಳಲ್ಲಿ ಮೊಟ್ಟೆ ಇಡುತ್ತಿದ್ದವು. ಅಣೆಕಟ್ಟುಗಳು ಹೊಳೆಯ ಹರಿವನ್ನೇ ಬದಲಿಸಿದವು, ಉಳಿದ ಮರಳನ್ನು ಲಾರಿಗಳು ಹೊತ್ತವು. ಹೊಳೆಯ ದಿಬ್ಬ ಕೆಡಲು ಕಾರಣವಾದ ಅಣೆಕಟ್ಟೇ ಬೆನ್ನ ಹಿಂದೆ ಬೇರೆ ದಿಬ್ಬ ಒದಗಿಸಿದ್ದು ಸೋಜಿಗ. ಅಣೆಕಟ್ಟು ಬೇಡ, ಬೇಕು ಎಂದು ಎರಡು ಪಂಗಡವಾಗಿ ವಾದಿಸುವವರಿಗೆ ಇದು ರುಚಿಸುವುದಿಲ್ಲ, ಇರಲಿ.

ಮೊಟ್ಟೆ ಒಡೆಯಲು ಸುಮಾರು ಮೂರು ವಾರ. ಮರಿ ಹಾರಲು ಆ ಮೇಲೆ ಒಂದು ತಿಂಗಳಿನಷ್ಟು. ಒಟ್ಟು ಏಳು ವಾರ ಆ ನೆಲ ಒಣಗಿರಬೇಕು. ಏಪ್ರಿಲ್ ಮೊದಲ ವಾರ ಇಟ್ಟ ಮೊಟ್ಟೆಯ ಮರಿ ಮೇ ಕೊನೆಯ ವಾರದ ಹೊತ್ತಿಗೆ ರೆಕ್ಕೆ ಬಿಚ್ಚಿರುತ್ತದೆ, ಮುಂಗಾರು ಬಂದರೂ ಚಿಂತೆಯಿಲ್ಲ. ಅದೇ ಮೊಟ್ಟೆ ಏಪ್ರಿಲ್ ಮಧ್ಯದಲ್ಲಿ ಬಿಸಿಲಿಗೋ ಕಾಗೆಗೋ ಹೋಯಿತು ಎನ್ನಿ. ಜೋಡಿ ಸುಮ್ಮನೆ ಕೂರುವುದಿಲ್ಲ, ಕೆಲ ದಿನ ಬಿಟ್ಟು ಮತ್ತೆ ಮೊಟ್ಟೆ ಇಡುತ್ತದೆ. ಆ ಮೊಟ್ಟೆಯ ಮರಿ ಹಾರಬೇಕಾದರೆ ಜೂನ್ ನಡುವಿನವರೆಗೆ ಬೇಕು. ಅಷ್ಟರಲ್ಲಿ ಕುದುರೆಮುಖ, ಬಾಬಾಬುಡನ್‌ಗಿರಿ ಕಡೆ ಮಳೆ ಹಿಡಿದು ಭದ್ರಾ ಹೊಳೆಯೂ ಅದನ್ನು ಸೇರುವ ಸೋಮವಾಹಿನಿಯೂ ತುಂಬಿ ಬರುತ್ತವೆ. ಜೂನ್‌ನಲ್ಲಿ ನೀರಿಗೆ ಸಿಕ್ಕ ಗೂಡು ಕಂಡಾಗ ನಾನು ಮೊದಲು ಕೇಳುವುದು, ಏಪ್ರಿಲ್‌ನಲ್ಲಿ ಇಲ್ಲಿ ಏನು ನಡೆದಿತ್ತು ಎಂದು. ಎಲ್ಲ ಮುಳುಗಡೆಗೂ ಇದೇ ಕಾರಣವಲ್ಲ, ಮೇ ತಿಂಗಳ ಅಡ್ಡಮಳೆ ಜೋರಾದರೆ ಮೊದಲ ಸಲದ ಮರಿಗಳೂ ಹೋಗುತ್ತವೆ. ಆದರೆ ಮಳೆ ನಮ್ಮ ಕೈಲಿಲ್ಲ, ಏಪ್ರಿಲ್ ತಿಂಗಳ ದೋಣಿ ನಮ್ಮ ಕೈಲಿದೆ.

ಇನ್ನು ಸಸಿ. ಹುಡುಗರ ಉತ್ಸಾಹಕ್ಕೆ ನೀರೆರಚಲು ಬೇಸರವಾಗುತ್ತದೆ, ಆದರೂ ಹೇಳುತ್ತೇನೆ: ಬೇಡ. ಜೂನ್‌ನಲ್ಲಿ ನೆಟ್ಟ ಸಸಿ ಆಗಸ್ಟ್ ಹೊತ್ತಿಗೆ ಹತ್ತಾರು ಅಡಿ ನೀರಿನ ಕೆಳಗೆ ಇರುತ್ತದೆ. ಪ್ರತಿವರ್ಷ ಮುಳುಗುವುದರಿಂದಲೇ ಆ ನೆಲ ಬೋಳಾಗಿದೆ, ಬೋಳಾಗಿರುವುದರಿಂದಲೇ ಟರ್ನ್ ಅಲ್ಲಿಗೆ ಬಂದಿದೆ. ಕೂತಲ್ಲಿಂದಲೇ ಸುತ್ತಲೂ ನೀರು ಕಾಣಬೇಕು, ಬರುವ ಶತ್ರು ದೂರದಿಂದಲೇ ಕಣ್ಣಿಗೆ ಬೀಳಬೇಕು, ಇದು ಅದರ ಮೊದಲ ಷರತ್ತು. ಒಂದು ವೇಳೆ ಎತ್ತರದ ಜಾಗದಲ್ಲಿ ನಾಲ್ಕು ಗಿಡ ಬದುಕಿಕೊಂಡವೆಂದೇ ಇಟ್ಟುಕೊಳ್ಳಿ, ಅವು ಮರಿಗೆ ನೆರಳಾಗುವುದಕ್ಕಿಂತ ಹೆಚ್ಚಾಗಿ ಕಾಗೆಗೂ ಹದ್ದಿಗೂ ಕೂರುವ ಕೊಂಬೆಯಾಗುತ್ತವೆ. ಅಲ್ಲಿಂದ ಟರ್ನ್ ಎದ್ದುಹೋಗುತ್ತದೆ. ಟರ್ನ್ ಜೊತೆಗೇ ನೆಲದಲ್ಲಿ ಮೊಟ್ಟೆ ಇಡುವ ಟಿಟ್ಟಿಭಗಳಿಗೂ ಇದೇ ಗತಿ.

ಇಲ್ಲೇ ಗೊಂದಲ ಹುಟ್ಟಲು ಕಾರಣ ಮಂಡಗದ್ದೆ ಎಂದು ನನ್ನ ಅನುಮಾನ. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ಹೋಗಿಬರುವ ನಮಗೆಲ್ಲ ಹಕ್ಕಿ ದ್ವೀಪ ಎಂದರೆ ಅದೇ. ತುಂಗೆಯ ನಡುವೆ 1.14 ಎಕರೆಯ ತುಂಡು ನೆಲ, ತುಂಬ ಮರ, ಮರದ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ. ಅಲ್ಲಿ ಗೂಡು ಕೊಂಬೆಯ ಮೇಲೆ, ಹಂಗಾಮು ಮಳೆಗಾಲದ್ದು, ಜುಲೈನಿಂದ ಅಕ್ಟೋಬರ್ ತನಕ. ಹೊಳೆ ಕೆಂಪಾಗಿ ಉಕ್ಕಿ ಹರಿಯುವುದೇ ಆ ಮರಿಗಳಿಗೆ ಕಾವಲು. ಸೊರಬದ ಗುಡವಿ ಕೆರೆಯದ್ದೂ ಹೆಚ್ಚುಕಡಿಮೆ ಅದೇ ಲೆಕ್ಕ, ಮರ ಹೋದರೆ ಹಕ್ಕಿ ಹೋಯಿತು. ಭದ್ರಾದಲ್ಲಿ ಪೂರ್ತಿ ತಿರುಗುಮುರುಗು: ಮರ ಬಂದರೆ ಹಕ್ಕಿ ಹೋಯಿತು. ನಿಮ್ಮ ಹುಡುಗರಿಗೆ ಸಸಿ ನೆಡಲೇಬೇಕೆಂದಿದ್ದರೆ ಹೊಳೆದಂಡೆಗಳಲ್ಲಿ ಹೊಂಗೆ, ನೇರಳೆ, ಅತ್ತಿ ನೆಡಲಿ. ಕುಸಿಯುವ ದಂಡೆಯಾದರೂ ನಿಲ್ಲುತ್ತದೆ.

ಬಿಸಿಲಿಗೆ ಮರಿ ಸಾಯುವುದು ಮಾತ್ರ ಸುಳ್ಳಲ್ಲ. ಅದಕ್ಕೆ ಬೇರೆ ದೇಶಗಳ ಟರ್ನ್ ನೆಲೆಗಳಲ್ಲಿ ಮಾಡಿ ನೋಡಿದ ಸುಲಭದ ಉಪಾಯವೊಂದಿದೆ. ಎರಡು ಹಲಗೆ ಅಥವಾ ಹೆಂಚನ್ನು ಒಂದಕ್ಕೊಂದು ಒರಗಿಸಿ ಗುಬ್ಬಚ್ಚಿ ಮನೆಯಷ್ಟು ಗೂಡು ಮಾಡಿ ಅಲ್ಲಲ್ಲಿ ಇಡುವುದು. ಮರಿಗಳು ಬಿಸಿಲೇರಿದಾಗ ಒಳಗೆ ಸೇರುತ್ತವೆ, ಹದ್ದು ಬಂದಾಗಲೂ. ನಮ್ಮಲ್ಲಿ ಹಳೆ ಮಂಗಳೂರು ಹೆಂಚಿಗೆ ಬರವಿಲ್ಲ. ಆದರೆ ಇದನ್ನು ಇಡಬೇಕಾದ್ದು ನಡುಗಡ್ಡೆ ತಲೆ ಎತ್ತಿದ ಮೇಲೆ, ಮೊದಲ ಮೊಟ್ಟೆ ಬೀಳುವ ಮೊದಲು. ಆ ಎರಡು ಮೂರು ವಾರದ ಕಿಂಡಿ ತಪ್ಪಿದರೆ ಆ ವರ್ಷ ಬಿಟ್ಟುಬಿಡಬೇಕು. ಇಡುವವರು ಇಲಾಖೆಯವರೇ ಆಗಬೇಕು, ಮೊದಲ ವರ್ಷ ಒಂದೇ ನಡುಗಡ್ಡೆಯಲ್ಲಿ ಇಟ್ಟು ನೋಡಬೇಕು. ಹೆಂಚಿನ ಸಂದಿಯಲ್ಲಿ ಹಾವು ಸೇರಿಕೊಂಡರೆ ಉಪಕಾರ ಹೋಗಿ ಉಪದ್ರವವಾಗುತ್ತದೆ.

ಮಣ್ಣು ಹಾಕಿ ಎತ್ತರಿಸುವ ಬಗ್ಗೆ ನನಗೆ ಉತ್ಸಾಹವಿಲ್ಲ. ಹಾಕಿದ ಸಡಿಲ ಮಣ್ಣು ಒಂದು ಮಳೆಗಾಲದ ಅಲೆಗೆ ಕರಗಿ ಜಲಾಶಯದ ಹೂಳಿಗೆ ಸೇರುತ್ತದೆ. ಸದಾ ನೀರಿನ ಮೇಲೇ ಉಳಿಯುವಷ್ಟು ಎತ್ತರಿಸಿದರೆ ಅದರ ಮೇಲೆ ಹುಲ್ಲು, ಲಂಟಾನ ಬೆಳೆದು ನೆಲ ಟರ್ನ್‌ಗೆ ಬೇಡವಾಗುತ್ತದೆ. ಯುರೋಪಿನಲ್ಲಿ ಕಾಮನ್ ಟರ್ನ್ ಎಂಬ ಇದರ ನೆಂಟ ಹಕ್ಕಿಗೆ ಜಲ್ಲಿ ಹರಡಿದ ತೇಲು ತೆಪ್ಪಗಳನ್ನು ಕಟ್ಟಿಕೊಟ್ಟು ಗೆದ್ದಿದ್ದಾರೆ. ನೀರು ಏರಿದರೆ ತೆಪ್ಪವೂ ಏರುತ್ತದೆ. ಕೇಳಲು ಚೆಂದ. ಆದರೆ ಅಲ್ಲಿಯ ಕೆರೆಗಳಲ್ಲಿ ನೀರು ಏರಿಳಿಯುವುದು ಕೆಲವೇ ಅಡಿ. ಇಲ್ಲಿ ಹಂಗಾಮಿನಲ್ಲೇ ಹತ್ತಾರು ಅಡಿ ಇಳಿಯುತ್ತದೆ, ಲಂಗರಿನ ಹಗ್ಗವನ್ನು ಯಾರಾದರೂ ಸಡಿಲಿಸಿ ಬಿಗಿಯುತ್ತಲೇ ಇರಬೇಕು. ಒಂದು ತೆಪ್ಪದಲ್ಲಿ ಸಾಮಾನ್ಯವಾಗಿ ಕೂರುವುದು ಹತ್ತಾರು ಜೋಡಿ, ಇಲ್ಲಿರುವ ಹಕ್ಕಿಗಳ ಸಂಖ್ಯೆಗೆ ಅದು ಮೂಲೆಗೂ ಸಾಲದು. ಎಲ್ಲ ನಡುಗಡ್ಡೆಗಳೂ ಕೈಬಿಟ್ಟ ವರ್ಷಕ್ಕೆ ಮಾತ್ರ ಅದನ್ನು ಯೋಚಿಸಬಹುದು.

ನಾಯಿ, ನರಿಗಳ ವಿಷಯದಲ್ಲಿ ನಿಮ್ಮ ಗಮನ ಸರಿಯಾಗಿದೆ. ನೀರು ಸುತ್ತುವರಿದಿರುವುದೇ ಆ ನಡುಗಡ್ಡೆಗಳ ಬೇಲಿ. 2023ರಲ್ಲಿ ಮುಂಗಾರು ಕೈಕೊಟ್ಟು ಜಲಾಶಯ ತುಂಬಲಿಲ್ಲವಲ್ಲ, ಅಂಥ ವರ್ಷದ ಮುಂದಿನ ಬೇಸಿಗೆಯಲ್ಲಿ ದಂಡೆಗೆ ಹತ್ತಿರದ ನಡುಗಡ್ಡೆಗಳು ಗುಡ್ಡದ ಚಾಚಾಗಿಬಿಡುತ್ತವೆ. ನರಿ, ಮುಂಗುಸಿ, ಹಂದಿ, ಅವುಗಳ ಹಿಂದೆ ಊರ ನಾಯಿ. ಒಂದು ನಾಯಿ ಒಂದು ರಾತ್ರಿಯಲ್ಲಿ ಇಡೀ ನೆಲೆ ಬರಿದು ಮಾಡಬಲ್ಲದು. ನಡುಗಡ್ಡೆ ದಂಡೆಗೆ ಸೇರುವ ಕಿರಿದಾದ ಕತ್ತಿನಲ್ಲಿ ಕಾಲುವೆ ಕಡಿದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಆಗಬಹುದು, ಆದರೆ ಮೊಟ್ಟೆಯಿರುವಾಗ ಅಲ್ಲಿಗೆ ಜೆಸಿಬಿ ನುಗ್ಗಿಸಿದರೆ ನಾಯಿಗಿಂತ ಹೆಚ್ಚು ಹಾನಿ ಅದರಿಂದಲೇ. ಹಕ್ಕಿಗಳು ಹೋದ ಮೇಲೆ, ಮಳೆಗೆ ಮುಂಚಿನ ಆ ಕೆಲವು ದಿನ ಸಿಕ್ಕಿದರೆ ಮಾತ್ರ, ಅದೂ ಹುಲಿ ಸಂರಕ್ಷಿತ ಪ್ರದೇಶದ ಅನುಮತಿಯೊಂದಿಗೆ. ನೆಲದ ಸ್ವರೂಪ ಬದಲಿಸುವ ಕೆಲಸವಾದ್ದರಿಂದ ಆ ಅನುಮತಿ ಸುಲಭದಲ್ಲಿ ಸಿಗುವುದಿಲ್ಲ, ಸಿಗಬಾರದೂ ಕೂಡ. ಇದಕ್ಕಿಂತ ಕಾವಲು ಮೇಲು. ಚಂಬಲ್ ನದಿಯ ಮರಳು ದಿಬ್ಬಗಳಲ್ಲಿ ಟರ್ನ್ ಮತ್ತು ಸ್ಕಿಮ್ಮರ್ ಹಕ್ಕಿಗಳ ಗೂಡು ಕಾಯಲು ದಂಡೆಯ ಹಳ್ಳಿಗಳವರನ್ನೇ ಹಂಗಾಮಿಗೆ ನೇಮಿಸಿದ್ದು ಫಲ ಕೊಟ್ಟಿದೆ. ನಿಮ್ಮ ಯುವಕ ಸಂಘಕ್ಕೆ ಹೇಳಿ ಮಾಡಿಸಿದ ಕೆಲಸ ಇದು. ಯಾವ ನಡುಗಡ್ಡೆ ಎಷ್ಟನೇ ಅಡಿಗೆ ದಂಡೆಗೆ ಸೇರುತ್ತದೆ ಎಂದು ದಂಡೆಯಲ್ಲೇ ನಿಂತು ಬರೆದಿಡಲಿ, ಜಲಾಶಯದ ಮಟ್ಟ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಎರಡು ಬೇಸಿಗೆ ಬರೆದಿಟ್ಟರೆ ಈ ಸಲ ಕಾವಲು ಎಲ್ಲಿ ಬೇಕೆಂದು ವಲಯ ಅರಣ್ಯಾಧಿಕಾರಿಗೆ ಜನವರಿಯಲ್ಲೇ ಹೇಳಬಹುದು. ಊರ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಲು ಪಂಚಾಯಿತಿಯ ಬೆನ್ನು ಹತ್ತುವುದೂ ಅವರಿಂದ ಆಗುವ ಕೆಲಸ. ಹೋಟೆಲು, ಹೋಂಸ್ಟೇಗಳ ಎಂಜಲು ಬಯಲಿಗೆ ಬೀಳುವಷ್ಟು ದಿನ ದಂಡೆಯಲ್ಲಿ ನಾಯಿ ಕಡಿಮೆಯಾಗುವುದಿಲ್ಲ. ಇದನ್ನು ನಿಮಗೇ ಹೇಳಬೇಕಾಗಿ ಬಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ನೀರಿಗೆ ಸಿಕ್ಕ ಮೊಟ್ಟೆ, ಮರಿಗಳನ್ನು ಎತ್ತಿ ತಂದು ಸಾಕುವ ಆಸೆಯೂ ಹುಟ್ಟುತ್ತದೆ. ಟರ್ನ್ ಮರಿಗೆ ಹಗಲಿಡೀ ಸಣ್ಣ ಜೀವಂತ ಮೀನು ಬೇಕು, ಧುಮುಕಿ ಹಿಡಿಯಲು ಕಲಿಸುವವರು ಬೇಕು. ಮನೆಯಲ್ಲಿ ಆಗುವ ಕೆಲಸವಲ್ಲ, ಕಾನೂನಿನಲ್ಲೂ ಅವಕಾಶವಿಲ್ಲ. ಕಂಡದ್ದನ್ನು ಇಲಾಖೆಗೆ ತಿಳಿಸಿ.

ಅತಿಥಿಗಳಿಗೆ ತೋರಿಸಲು ದಾರಿ ಇದ್ದೇ ಇದೆ. ಲಕ್ಕವಳ್ಳಿಯಿಂದ ಅನುಮತಿ ಇರುವ ಸಫಾರಿ ದೋಣಿಗಳು ಹೋಗುತ್ತವೆ, ಅವುಗಳಲ್ಲೇ ಕಳಿಸಿ. ಖಾಸಗಿ ತೆಪ್ಪ, ಕಯಾಕ್ ಬೇಡ. ಬೆಳಗಿನ ಹೊತ್ತು ಒಳ್ಳೆಯದು, ಬೆಳಕೂ ಚೆನ್ನ, ನೆಲವೂ ಕಾದಿರುವುದಿಲ್ಲ. ದೋಣಿ ನಡುಗಡ್ಡೆಗೆ ನೇರ ಮುಖ ಮಾಡದೆ ಪಕ್ಕದಲ್ಲಿ ಹಾದುಹೋಗಲಿ. ಎಷ್ಟು ದೂರ ಎಂದು ಮೀಟರಿನಲ್ಲಿ ಅಳೆಯುವುದಕ್ಕಿಂತ ಹಕ್ಕಿಯನ್ನೇ ನೋಡಿ: ಕೂತವು ಕತ್ತು ಎತ್ತಿ ನಿಂತರೆ ಅದೇ ಗಡಿ, ಎದ್ದು ಹಾರಿದರೆ ಗಡಿ ದಾಟಿಯಾಯಿತು, ಹಿಂದೆ ಸರಿಯಿರಿ. ಚಾಲಕನ ಹತ್ತಿರ ಇನ್ನೂ ಹತ್ತಿರ ಹೋಗು ಎಂದು ನೂರು ರೂಪಾಯಿ ತುರುಕಬೇಡಿ ಎಂದು ಅತಿಥಿಗಳಿಗೆ ಮೊದಲೇ ಹೇಳಿಬಿಡಿ, ಬಹುಪಾಲು ತಂಟೆ ಅಲ್ಲಿಂದಲೇ ಶುರುವಾಗುವುದು. ಮಳೆಗಾಲದಲ್ಲಿ ಬಂದವರನ್ನು ಮಂಡಗದ್ದೆಗೆ ಕಳಿಸಿ. ರಸ್ತೆ ಬದಿಯಲ್ಲೇ ನಿಂತು, ದೋಣಿಯ ಹಂಗಿಲ್ಲದೆ, ಕಣ್ಣ ಮಟ್ಟದಲ್ಲಿ ಗೂಡು ಕಾಣುವ ಜಾಗ ಹೆಚ್ಚಿಲ್ಲ.

ಡ್ರೋನ್ ಬಗ್ಗೆ ನೀವು ಕೇಳಿಲ್ಲ, ಅತಿಥಿಗಳು ಕೇಳುತ್ತಾರೆ. ಅಭಯಾರಣ್ಯದಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಟರ್ನ್‌ಗಳ ಕಣ್ಣಿಗೆ ಅದು ಸದ್ದು ಮಾಡುವ ಹದ್ದು. ಬ್ಯಾಗಿನಲ್ಲಿ ಡ್ರೋನ್ ಕಂಡರೆ ಕೋಣೆ ಕೊಡುವಾಗಲೇ ಮಾತಾಡಿ ಮುಗಿಸಿ, ದಡಕ್ಕೆ ಹೋದ ಮೇಲೆ ಯಾರೂ ಕೇಳುವುದಿಲ್ಲ.